ಸೊನ್ನೆ ಜ್ವರದ ಊರು

ಮಾನ್ಯ ಅಧ್ಯಕ್ಷರೇ, ವೇದಿಕೆ ತುಂಬಿರುವ ಗಣ್ಯರೇ, ಇವತ್ತಿನ ನಮ್ಮ ಹೆಮ್ಮೆ ಡಾಕ್ಟರ್ ಕಮರುನ್ನೀಸಾ ಅವರೇ, ಪಾಂಡವಪುರದ ಸಭಿಕ ಬಂಧುಗಳೇ,

ಮೂವತ್ತು ವರ್ಷ ಜ್ವರದ ಮನೆಗಳನ್ನು ಹುಡುಕಿಕೊಂಡು ಸೈಕಲ್ ತುಳಿದ ಆರೋಗ್ಯ ಕಾರ್ಯಕರ್ತ ಈ ಶಿವಲಿಂಗಯ್ಯನಿಗೆ ಮೈಕು ಕೊಟ್ಟಿದ್ದೀರಿ. ಐದೇ ನಿಮಿಷ ಎಂದಿದ್ದಾರೆ ಕಾರ್ಯದರ್ಶಿಗಳು. ಇಂಥ ದಿನ ಐದು ನಿಮಿಷ ಯಾವ ಮೂಲೆಗೆ ಸಾಕು ಸ್ವಾಮಿ?

ಶ್ರೀರಂಗಪಟ್ಟಣದಲ್ಲಿ ಸೈಕಲ್ ಶಾಪ್ ಇಟ್ಟಿರುವ ಇನಾಯತುಲ್ಲಾ ಸಾಹೇಬರ ಮಗಳು ಡಾಕ್ಟರೇಟ್ ಮುಗಿಸಿ, ಅದಕ್ಕೂ ಮೇಲಿನ ಸಂಶೋಧನೆಗೆ ದೆಹಲಿಯಲ್ಲಿ ಹುದ್ದೆ ಗಿಟ್ಟಿಸಿದ್ದಾರೆ! ದೇಶಕ್ಕೆಲ್ಲ ಇದ್ದದ್ದು ಎರಡೇ ಹುದ್ದೆ. ಕೆಲಸವೇನು? ಎಷ್ಟು ಸೊಳ್ಳೆ, ಎಷ್ಟು ನೀರು, ಎಷ್ಟು ಮಕ್ಕಳು ಎಂದು ಕಂಪ್ಯೂಟರಿಗೆ ಹೇಳಿದರೆ, ಮಿದುಳು ಜ್ವರ ಮುಂದೆ ಯಾವ ಊರಿಗೆ ಬರುತ್ತದೆಂದು ಅದು ಲೆಕ್ಕ ಹಾಕಿ ಹೇಳುತ್ತದೆ. ನಮ್ಮೂರ ಜೋಯಿಸರ ಪಂಚಾಂಗಕ್ಕೂ ಆಗದ ಕೆಲಸ! ಚಪ್ಪಾಳೆ ಹೊಡೆಯಿರಿ, ಯಾಕೆ ಸುಮ್ಮನೆ ಕೂತಿದ್ದೀರಿ?

ಆ ಲೆಕ್ಕಕ್ಕೆ ಊರೂರಿನ ಜ್ವರ ಬರೆದಿಟ್ಟ ನನ್ನ ರಿಜಿಸ್ಟರೇ ಆಧಾರ ಎಂದು ಸ್ವಾಗತ ಭಾಷಣದಲ್ಲಿ ಹೇಳಿದರು. ನಿಜ. ಹೋದ ವರ್ಷ, ತೊಂಬತ್ತೈದರಲ್ಲಿ, ಈಕೆ ನಮ್ಮ ಮನೆಗೆ ಬಂದರು. "ಚಾಚಾ, ನಾಲೆ ಪಕ್ಕದ ಹನ್ನೊಂದು ಊರಲ್ಲೂ ಜ್ವರ ಬಂದದೆ. ಕೊನೇದು, ಹನ್ನೆರಡನೇ ಊರಲ್ಲಿ ಮಾತ್ರ ಸೊನ್ನೆ. ಅಲ್ಲಿ ಮಕ್ಕಳನ್ನ ಕಾಯೋದು ಏನೋ ಅದೆ. ಅದು ಸಿಕ್ಕಿದ್ರೆ ಎಲ್ಲಾ ಊರೂ ಉಳೀತವೆ!" ದೆಹಲಿಯ ಅರ್ಜಿಯನ್ನೂ ಅದರ ಮೇಲೇ ಬರೆಯುತ್ತಿದ್ದರು.

ಮೂರು ತಿಂಗಳು ಆ ಊರಿನ ನೀರು ಪರೀಕ್ಷಿಸಿದರು, ಸೊಳ್ಳೆ ಹಿಡಿದರು, ಜ್ವರದ ವಿಷಾಣು ಹೊರುವ ಗದ್ದೆಯ ಕೊಕ್ಕರೆ ಎಣಿಸಿದರು. ಡಬ್ಬಿ ಹೊತ್ತವನು ನಾನೇ. ಇವತ್ತು ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ, ದಿನಾ ಟೀ ಕುಡಿದು ಬಾಯಿ ಒರೆಸಿಕೊಳ್ಳುತ್ತಿದ್ದೆ. ಏನು ಹೇಳುವುದು ಎಂದಿರಾ? ಇದನ್ನು ನಾನು ಬರೆದುಕೊಂಡು ಬಂದಿಲ್ಲ. ಆದರೂ ಇರಲಿ.

ಅರ್ಜಿಗೆ ಇನ್ನು ಹತ್ತೇ ದಿನ ಇದ್ದಾಗ ಬಾಯಿಬಿಟ್ಟೆ. "ಜ್ವರ ಎದ್ದ ವರ್ಷ ಮಳೆ ಅಂತ ನಾನು ಆ ಊರ್ಗೇ ಓಗ್ನಿಲ್ಲ ಕಣವ್ವ. ಕೂತ ಜಾಗದಲ್ಲೇ ಸೊನ್ನೆ ಬರ್ದ್‌ಬುಟ್ಟೆ."

ಬೈದರೇ? ಇಲ್ಲ. ಅರ್ಜಿ ಹರಿದು ಹಾಕಿ, "ನಡೀರಿ ಚಾಚಾ, ಮನೆಮನೆಗೂ ಹೋಗಿ ಕೇಳೋಣ" ಎಂದರು. ಕೇಳಿದೆವು. ತಾಯಂದಿರು ನಾಟಿ, ಕಳೆ, ಕೊಯ್ಲಿನ ಗುರುತಿಟ್ಟು ಒಂದೊಂದು ಜ್ವರವನ್ನೂ ಹೇಳಿದರು. ಸೊನ್ನೆ ಇದ್ದಲ್ಲಿ ಏಳು ಬಂತು. ಕಂಪ್ಯೂಟರಿಗೆ ಕೊಟ್ಟರೆ ಅದರ ಲೆಕ್ಕಕ್ಕೆ ಹನ್ನೆರಡೂ ಊರು ತಾಳೆಯಾದವು! ನಾನು ಕುಣಿದುಬಿಟ್ಟೆ ಸ್ವಾಮಿ, ಈ ವಯಸ್ಸಿನಲ್ಲಿ! ಆ ಹೊಸ ಅರ್ಜಿ ನೋಡಿಯೇ ದೆಹಲಿಯವರು ಕರೆದದ್ದು. ಸೊನ್ನೆ ಬರೆದವರು ಯಾರೆಂದು ಈಕೆ ಎಲ್ಲೂ ಹೇಳಲಿಲ್ಲ. ಹಾಗಾಗಿ ಇವತ್ತು ನನಗೂ ಶಾಲು ಹೊದಿಸಿದ್ದೀರಿ.

ಆ ಏಳರಲ್ಲಿ ಒಂದು ಮಗು ಉಳಿಯಲಿಲ್ಲ. ಚಿನ್ನು, ನಾಲ್ಕು ವರ್ಷ. ಅವಳ ತಾಯಿ ಚಿಕ್ಕಬೋರಮ್ಮನವರು ಅದೋ, ಎರಡನೇ ಸಾಲಿನಲ್ಲಿದ್ದಾರೆ. ನಾವು ಕೇಳಲು ಹೋದಾಗ ಮಜ್ಜಿಗೆ ಕೊಟ್ಟು, "ನೀವು ಬಂದಿದ್ರೆ ಆಸ್ಪತ್ರೆಗಾದ್ರೂ ಓಗ್ತಿದ್ದೋ. ನೀವೂ ಎಷ್ಟೂರು ಅಂತ ಸುತ್ತೀರಿ, ಪಾಪ" ಎಂದಿದ್ದರು. ಅವತ್ತು ತಲೆತಗ್ಗಿಸಿ ಮಜ್ಜಿಗೆ ಕುಡಿದೆ.

ತಾಯೀ, ಚಿನ್ನುಗೆ ಜ್ವರ ಬಂದ ಆ ವಾರ ನನಗೆ ಬೇರೆ ಯಾವ ಊರೂ ಇರಲಿಲ್ಲ. ಮನೆಯಲ್ಲೇ ಇದ್ದೆ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.