ಬೆಳಗಿನ ಮಾತ್ರೆ

ಆಸ್ಪತ್ರೆಯ ಔಷಧಿ ಕೌಂಟರಿನ ಸಾಲಿನಲ್ಲಿ ಮೇಷ್ಟ್ರೊಬ್ಬರು ಅಕ್ಕ-ತಮ್ಮನ ಹಿಂದೆ ನಿಂತಿದ್ದರು. ಬೇಡವೆಂದರೂ ಕಿವಿ ಅತ್ತಲೇ ವಾಲಿತ್ತು.

ಕೌಂಟರಿನವಳು ತಮ್ಮನ ಮಾತ್ರೆ ಡಬ್ಬಿ ತೆರೆದಳು. “ರಾತ್ರಿದು ಖಾಲಿಯಾಗಿದೆ. ಬೆಳಗಿಂದು ಹಾಗೇ ಇದೆಯಲ್ಲ?”

“ತಗೊಂಡ್ರೆ ಕೈ ನಡುಗತ್ತೆ ಮೇಡಂ. ನಾನು ಟೈಲರ್. ಸೂಜಿಗೆ ದಾರ ಪೋಣಿಸೋಕಾಗಲ್ಲ.”

“ಹೇಳಿದ್ರೆ ಡಾಕ್ಟ್ರು ಏನಾದ್ರೂ ಮಾಡ್ತಿದ್ರು. ನೀವಾಗೇ ಬಿಟ್ರೆ, ಹಾಕಿರೋ ಕಿಡ್ನಿನ ಮೈ ಒಪ್ಪಲ್ಲ. ಈಗಲೇ ಹೋಗಿ ತೋರಿಸಿ.”

ಅಕ್ಕನ ದನಿ ಇಳಿದಿತ್ತು. “ದಿನಾ ಫೋನಲ್ಲಿ ‘ನುಂಗಿದೆ ಅಕ್ಕ’ ಅಂತಿದ್ಯಲ್ಲೋ?”

“ನೀನು ಬೈತೀಯ ಅಂತ...”

“ಕಿಡ್ನಿ ಕೊಡ್ಬೇಡ ಅಂತ ನಿನ್ನ ಭಾವ ಎಷ್ಟು ಬೈದ್ರು. ನಾನು ಹೆದರಿದ್ನಾ?”

ತಮ್ಮ ಡಬ್ಬಿ ಮುಚ್ಚಿ ಜೇಬಿಗಿಟ್ಟ. ಹೊರಡುವಾಗ, ಎಂದಿನಂತೆ ಅವಳ ಚೀಲ ಹೊರಲು ಕೈ ಚಾಚಿದ.

ಅವಳು ಕೊಡಲಿಲ್ಲ. ಎಡಪಕ್ಕೆಗೆ ಅವುಚಿಕೊಂಡು, ಡಾಕ್ಟರ ಕೋಣೆಯ ಕಡೆ ಒಬ್ಬಳೇ ಮುಂದೆ ನಡೆದಳು.