ನಾಲ್ಕನೇ ಹಾಡಿನ ಮೂಗು

ವಾದ್ಯ ರಿಪೇರಿ ಅಂಗಡಿಯಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ಅಕ್ಕ ತಂಗಿ ಕೂತಿದ್ದರು. ಅಕ್ಕನ ಭುಜಕ್ಕೆ ಒರಗಿದ, ಆಳೆತ್ತರದ ಪಿಟೀಲಿನಂಥ ಸೆಲ್ಲೊ, ತಂಗಿಯ ಒಂದು ಕಿವಿಯಲ್ಲಿ ಇಯರ್‌ಫೋನ್.

“ನಿನ್ನ ಗೆಳತಿ ಆಲ್ಬಮ್ ಚೆನ್ನಾಗಿದೆ ಅಕ್ಕ. ಗಿಟಾರು, ಪಿಟೀಲು, ಸೆಲ್ಲೊ, ಎಲ್ಲಾ ಎಷ್ಟು ಮೆತ್ತಗೆ.”

“ಇರೋದು ಆರೇ ಹಾಡು. ಕುಕ್ಕರ್ ಕೂಗೋಷ್ಟರಲ್ಲಿ ಮುಗಿದೇ ಹೋಗುತ್ತೆ. ಅದೂ ಒಂದು ಆಲ್ಬಮ್ಮಾ?”

“ನೀನು ಕೇಳೇ ಇಲ್ಲ ಅಂದಿದ್ದೆ?”

“ಕೇಳಿಲ್ಲ, ಕಿವಿಗೆ ಬಿತ್ತು. ನಾಲ್ಕನೇ ಹಾಡು ಹಾಕು. ಸೆಲ್ಲೊ ಶುರುವಾಗೋಕೆ ಮುಂಚೆ ಯಾರೋ ಮೂಗೆಳೀತಾರೆ, ಕೇಳಿಸ್ತಾ?”

“ಹೂಂ. ನುಡಿಸೋ ಆ ಹೊಸ ಹುಡುಗಿಗೆ ನೆಗಡಿ ಇರಬೇಕು.”

“ಅದು ನನ್ನ ಮೂಗು! ಮೊದಲು ನಾನು ನುಡಿಸಿದ್ದನ್ನೆಲ್ಲ ಅಳಿಸಿ ಆ ಹುಡುಗಿ ಕೈಲಿ ನುಡಿಸ್ಕೊಂಡ್ರು. ನಾನು ಮೂಗೆಳೆದಿದ್ದು ಮಾತ್ರ ಹಾಗೇ ಉಳಿದಿದೆ.”

“ಹೊಟ್ಟೆಕಿಚ್ಚಿಗೆ ನಿಂಗೆ ಏನೇನೋ ಕೇಳಿಸುತ್ತೆ. ಅವರ ಹಾಡಲ್ಲೂ ಮೂಗು ತೂರಿಸ್ತೀಯಲ್ಲ!”

ಅಷ್ಟರಲ್ಲಿ ರಿಪೇರಿಯವರು ಹೊಸ ಕುದುರೆ ಕೂದಲು ಕಟ್ಟಿದ ಸೆಲ್ಲೊ ಕಮಾನನ್ನು ತಂದುಕೊಟ್ಟು, “ಒಂದ್ಸಲ ನುಡಿಸಿ ನೋಡಿ ಮೇಡಂ” ಎಂದರು. ಅಕ್ಕ ಸೆಲ್ಲೊವನ್ನು ನೆಟ್ಟಗೆ ಹಿಡಿದು, ಕಮಾನು ಎತ್ತಿ, ಸೊರ್ ಎಂದು ಮೂಗೆಳೆದಳು. ಆಮೇಲೆ ನುಡಿಸಿದಳು.

ತಂಗಿ ಮೆಲ್ಲಗೆ ಇಯರ್‌ಫೋನ್ ತೆಗೆದಳು.

“ಅಯ್ಯೋ, ನಿಂದೇ! ಈಗಲೇ ಫೋನ್ ಮಾಡಿ ತೆಗೆಸು ಅಕ್ಕ.”

ಅಕ್ಕ ಸೆಲ್ಲೊ ಹೆಗಲಿಗೇರಿಸಿ ಬಾಗಿಲು ತಳ್ಳಿದಳು.

“ಯಾಕೆ ತೆಗೆಸಲಿ? ಯಾರು ಯಾವಾಗ ಆ ಹಾಡು ಹಾಕಿದ್ರೂ, ನಾನು ಮೂಗೆಳೆದ ಮೇಲೇ ಅವಳು ಶುರು ಮಾಡಬೇಕು.”