ಬಾಯಲ್ಲಿ ಗಾರ್ಡು, ನಾಲಿಗೆಯಲ್ಲಿ ಕಬಡ್ಡಿ

ಗುಬ್ಬಿ ಬಸ್ಸಿನಲ್ಲಿ ಕೂತಿದ್ದ ಸರ್ವಮಂಗಳಮ್ಮನವರಿಗೆ ಹಿಂದಿನ ಸೀಟಿನ ಅಜ್ಜಿ-ಮೊಮ್ಮಗಳ ಮಾತು ಕೇಳಿ ತೂಕಡಿಕೆಯೇ ಹಾರಿಹೋಯಿತು.

"ಅಜ್ಜಿ, ಹಲ್ಲು ಕಾಯೋ ಈ ಮೌತ್‌ಗಾರ್ಡ್ ನನ್ ಹಲ್ಲಿನ ಅಚ್ಚು ತಗೊಂಡೇ ಮಾಡವ್ರೆ. ಒಂಚೂರೂ ಅಲ್ಲಾಡಲ್ಲ!"

"ನನ್ ಹಲ್‌ಸೆಟ್ಟಿಗೂ ಹಂಗೇ ಅಚ್ಚು ತಗೊಂಡಿದ್ರು ಕಣೇ. ಮೊದ್ಲು ಅಂಗಡೀಲಿ ತಂದಿದ್ ಗಾರ್ಡು ಏನಾಗಿತ್ತು?"

"ಬಾಯ್ತುಂಬ ದಪ್ಪ. ಕಬಡ್ಡಿ ಅಂದ್ರೆ ಗಬಗಬ ಅಂತ ಕೇಳ್ತಿತ್ತು. ರೈಡಿಗೆ ಹೋದೋಳ್ನ ರೆಫ್ರಿ ವಾಪಸ್ ಕಳಿಸ್‌ಬುಟ್ರು."

"ನಾಳೆ ಫೈನಲ್ಲು. ಹಲ್ಲಿಗೆ ಕೂತ್ರೆ ಸಾಲ್ದು, ಮಾತು ಬರ್ಬೇಕು. ಹಾಕ್ಕೊಂಡು ಹೇಳೇ."

"ಇಲ್ಲೇನಾ? ಎಲ್ರೂ ನೋಡ್ತಾರೆ."

"ನಾಳೆ ಯಾರೂ ನೋಡಲ್ವಾ?"

"ಕಬಡ್ಡಿ, ಕಬಡ್ಡಿ, ಕಬಡ್ಡಿ..."

ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗೆ ಕೇಳಿತು. ಅಷ್ಟರಲ್ಲಿ ಅಜ್ಜಿ-ಮೊಮ್ಮಗಳ ಸ್ಟಾಪು ಬಂತು. ಹುಡುಗಿ ಉಸಿರು ಬಿಡದೆ ಕಬಡ್ಡಿ ಅನ್ನುತ್ತಲೇ ಎದ್ದವಳು, ಬಾಗಿಲ ಕಡೆ ನುಗ್ಗುತ್ತಾ ಸರ್ವಮಂಗಳಮ್ಮನವರ ಭುಜ ಮುಟ್ಟಿಯೇ ಬಿಟ್ಟಳು.

"ನಾನು ಔಟು ಕಣಮ್ಮ, ಓಡು!" ಎಂದರು ಅವರು.